ಆಸ್ಪತ್ರೆಗೆ ಹೊರಟ ಸೊಸೆಗೆ ತಿನ್ನಿಸಿದ ಎರಡು ಇಡ್ಲಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಿತ್ತು, ಸಂತೋಷ ತಡೆಯಲಾರದೆ ನಾಲ್ಕನೇ ಸಲವೂ ಹೇಳಿಬಿಟ್ಟೆ.

ಮಗ ಮಹದೇವನಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಸೊಸೆ ಶೋಭಾ ನುಂಗದ ಮಾತ್ರೆಯಿಲ್ಲ. ಸ್ಕ್ಯಾನಿಂಗಿನಲ್ಲಿ ಮಾತ್ರ ಎಲ್ಲ ಸರಿಯಿದೆ ಎಂದೇ ಬರುತ್ತಿತ್ತು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಡಾಕ್ಟರಮ್ಮ, ಸಣ್ಣ ಕ್ಯಾಮರಾ ಹಾಕಿ ಗರ್ಭಕೋಶದ ಒಳಗೇ ನೋಡಿಬಿಡೋಣ, ಸ್ಕ್ಯಾನಿಂಗಿಗೆ ಸಿಗದ್ದು ಏನಾದರೂ ಇರಬಹುದು ಎಂದರು. ಮುಟ್ಟು ನಿಂತ ನಾಲ್ಕೈದು ದಿನದೊಳಗೆ ಮಾಡಬೇಕು. ಅರಿವಳಿಕೆ ಕೊಡುವುದರಿಂದ ಬೆಳಿಗ್ಗೆ ಏನೂ ತಿನ್ನಬಾರದು.

ಆ ದಿನ ಅವಳ ಬಾಡಿದ ಮುಖ ನೋಡಿ ನನ್ನ ಕರುಳು ಕೇಳಲಿಲ್ಲ. ಮಗ ಆಟೊ ತರಲು ಹೋದಾಗ ಎರಡು ಇಡ್ಲಿಗೆ ತುಪ್ಪ ಹಾಕಿಕೊಂಡು ಬಂದೆ.

“ಬರೀ ಹೊಟ್ಟೇಲಿ ಹೊಸಿಲು ದಾಟಬಾರ್ದು ಕಣಮ್ಮ, ತಿಂದ್ಬುಡು.”

“ಬೇಡಿ ಅತ್ತೆ, ಡಾಕ್ಟ್ರು ಬೈತಾರೆ.”

“ಅವರು ನೋಡೋದು ಗರ್ಭಕೋಶ ತಾನೆ? ಇಡ್ಲಿ ಹೋಗೋದು ಹೊಟ್ಟೆಗೆ!”

ನನ್ನ ಮಾತು ಮೀರಲಾರದೆ ತಿಂದಳು. ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಏನಾದರೂ ತಿಂದಿದ್ದೀರಾ ಎಂದು ಕೇಳಿದಾಗ ತಲೆ ತಗ್ಗಿಸಿ, “ಹಸಿವಾಯ್ತು ಮೇಡಂ, ತಿಂದ್ಬುಟ್ಟೆ” ಎಂದಳು. ನನ್ನ ಹೆಸರೆತ್ತಲಿಲ್ಲ.

“ಓದಿದೋರೇ ಹಿಂಗೆ ಮಾಡಿದ್ರೆ ಹೆಂಗಮ್ಮ? ಇವತ್ತು ಅರಿವಳಿಕೆ ಕೊಡಕ್ಕಾಗಲ್ಲ, ನಾಳೆಯಿಂದ ನಾನು ಊರಲ್ಲಿರಲ್ಲ. ಇನ್ನು ಮುಂದಿನ ತಿಂಗಳೇ.”

ಮಹದೇವ ಹೆಂಡತಿಯನ್ನು ಗುರಾಯಿಸಿದ. ನನಗೆ ತಡೆಯಲಾಗಲಿಲ್ಲ. “ಅವಳನ್ನ ಬೈಬೇಡಿ ತಾಯಿ, ತಿನ್ನಿಸಿದ ಪಾಪಿ ನಾನು” ಎಂದು ಅಲ್ಲೇ ಅತ್ತುಬಿಟ್ಟೆ. ಏಳು ವರ್ಷ ಕಾದವಳಿಗೆ ನನ್ನಿಂದ ಇನ್ನೊಂದು ತಿಂಗಳು! ಆಟೊದಲ್ಲಿ ಮನೆ ಮುಟ್ಟುವ ತನಕ ಶೋಭಾ ನನ್ನ ಕೈ ಬಿಡಲಿಲ್ಲ.

ಮುಂದಿನ ತಿಂಗಳು ನಾನೂ ಕಾಫಿ ಸಹ ಕುಡಿಯದೆ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಡಾಕ್ಟರಮ್ಮ ಹೊರಗೆ ಬಂದು, “ಮೂಲೇಲಿ ಅವರೆಕಾಳಿನಷ್ಟು ದುರ್ಮಾಂಸ ಅಡಗಿತ್ತಮ್ಮ, ತೆಗೆದಿದ್ದೀನಿ. ನೀವ್ಯಾಕೆ ಇಷ್ಟು ಸುಸ್ತಾಗಿದ್ದೀರಿ?” ಎಂದರು.

“ನಾನೂ ತಿಂದಿಲ್ಲ ತಾಯಿ.”

“ನಿಮಗೇನು ಕ್ಯಾಮರಾ ಹಾಕ್ತೀನಾ?” ಎಂದು ನಕ್ಕುಬಿಟ್ಟರು.

ಅದಾಗಿ ನಾಲ್ಕು ತಿಂಗಳಿಗೆ ಗರ್ಭ ನಿಂತಿತು.

ಇವತ್ತು ಸಂಜೆ ಬೀಗರೂ ನಾವೂ ಒಟ್ಟಿಗೆ ಊಟಕ್ಕೆ ಕೂತಾಗ ನಾನೊಬ್ಬಳೇ ಬಡಿಸುತ್ತ ಓಡಾಡುತ್ತಿದ್ದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶೋಭಾ ನನ್ನ ಸೆರಗು ಹಿಡಿದು ಕೂರಿಸಿದಳು. ತುಪ್ಪ ಹಾಕಿದ ಒಬ್ಬಟ್ಟು ಮುರಿದು ನನ್ನ ಬಾಯಿಗಿಟ್ಟು, “ತಿನ್ನಿ ಅತ್ತೆ, ಇವತ್ತು ಯಾವ ಡಾಕ್ಟ್ರೂ ಬೈಯಲ್ಲ” ಎಂದಳು.

ಅವಳ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡೆ.