ಕೊನೆಯಲ್ಲಿ ಬರುವ ಹೆಸರು

ಕಣ್ಣು ಪೂರ್ತಿ ಹೋದ ಮೇಲೆ ನನ್ನ ಹೆಂಡತಿಗೆ ಒಂದೇ ಆಸೆ ಉಳಿಯಿತು. ಅವಳ ಅಪ್ಪಯ್ಯನ ಸ್ವರ ಕೇಳಬೇಕು. ಮಾವ ನಂದೊಳ್ಳಿ ಕಡೆಯ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದರಂತೆ. ವೇಷವಿಲ್ಲದೆ, ಕುಳಿತಲ್ಲೇ, ಬರೀ ಮಾತಿನಲ್ಲಿ ರಾಜನಾಗುತ್ತಿದ್ದರಂತೆ. ಗ್ರಾಮಫೋನಿನವರು ಒಮ್ಮೆ ಹುಬ್ಬಳ್ಳಿಗೆ ಕರೆಸಿ ಅವರ ಮಾತಿನ ತಟ್ಟೆ ಮಾಡಿಸಿದ್ದರೆಂದು ಅವಳ ತವರಿನಲ್ಲಿ ಮಾತಿತ್ತು. ತಟ್ಟೆಯನ್ನು ಕಂಡವರಿಲ್ಲ. ಅವರು ತೀರಿಕೊಂಡಾಗ ಇವಳಿನ್ನೂ ಶಾಲೆಗೆ ಸೇರಿರಲಿಲ್ಲ.

ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ತಟ್ಟೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟಿರುತ್ತಾರೆಂದು ತಿಳಿದು ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹುಡುಕಿದೆ. ಭಜನೆ ಸಿಕ್ಕಿತು, ನಾಟಕದ ಹಾಡು ಸಿಕ್ಕಿತು, ಯಾರದೋ ಭಾಷಣ ಸಿಕ್ಕಿತು. ಮಾವ ಸಿಗಲಿಲ್ಲ. ಅವಳು ದಿನವೂ "ಸಿಕ್ತಾ?" ಎನ್ನುವಳು. ಕೊನೆಗೆ ತಾಳಮದ್ದಳೆಯದೇ ಒಂದು ತಟ್ಟೆ ಸಿಕ್ಕಿತು. ಅರ್ಥ ಹೇಳಿದವರು ಬೇರೆ ಯಾರೋ. "ಸಿಕ್ತು" ಎಂದುಬಿಟ್ಟೆ.

ಇದು ಎಲ್ಲರ ಸ್ವತ್ತು ಎಂದು ಅಲ್ಲಿ ಬರೆದಿತ್ತು. ಹೆಸರು ಮರೆಸಿ ಇನ್ನೊಬ್ಬರಿಗೆ ಕೊಡಬಹುದೆಂದು ಬರೆದಿರಲಿಲ್ಲ.

ಆ ಕಾಲದ ತಟ್ಟೆಗಳಲ್ಲಿ ಕೊನೆಗೆ ಕಲಾವಿದರು ತಮ್ಮ ಹೆಸರನ್ನು ತಾವೇ ಹೇಳುವುದುಂಟು. ಇದರಲ್ಲೂ ಇತ್ತು. ಹಾಗಾಗಿ ಪ್ರತಿ ಸಲವೂ ಪಕ್ಕದಲ್ಲೇ ಕುಳಿತು, ಮಾತು ಮುಗಿದು ಮದ್ದಳೆಯ ಪೆಟ್ಟು ಬಿದ್ದೊಡನೆ ಬೆರಳಿಟ್ಟು ನಿಲ್ಲಿಸುತ್ತಿದ್ದೆ. ಆ ತುದಿಯನ್ನು ಕತ್ತರಿಸುವುದು ನನಗೆ ಬಾರದು. ಬಲ್ಲವರನ್ನು ಕೇಳಿದರೆ ಯಾಕೆಂದು ಹೇಳಬೇಕಾಗುತ್ತದೆ.

"ಅಪ್ಪಯ್ಯಂದೇ ಗತ್ತು" ಎಂದು ಅವಳ ಮುಖ ಅರಳುತ್ತಿತ್ತು. "ನಿಂಗಳ ಮಾತಿಗೆ ಇದ್ರ ಅರ್ಧ ಜೀವನೂ ಇಲ್ಲೆ."

ನಾನು ನಗುತ್ತಿದ್ದೆ. ನಿಜ ಹೇಳಲು ಬಾಯಿ ತೆರೆದಾಗಲೆಲ್ಲ ಅವಳು "ಇನ್ನೊಂದ್ಸಲ ಹಾಕಿ" ಎನ್ನುತ್ತಿದ್ದಳು. ಹಾಕುತ್ತಿದ್ದೆ.

ಮೊನ್ನೆ ಅವಳು ಹೀಗೆ ಕೇಳುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತು. ಆರಿಸಲು ಓಡಿದೆ. ವಾಪಸು ಬರುವಷ್ಟರಲ್ಲಿ ಮದ್ದಳೆ ನಿಂತು, ಆ ಪುಣ್ಯಾತ್ಮ ತನ್ನ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಹೇಳಿ ಮುಗಿಸಿದ್ದ. ನಾನು ಬಾಗಿಲಲ್ಲೇ ನಿಂತೆ. ಹೆದ್ದಾರಿಯಲ್ಲಿ ಯಲ್ಲಾಪುರದ ಕಡೆ ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಅವಳು ನನ್ನ ಕಡೆ ಮುಖ ತಿರುಗಿಸಿದಳು.

"ಹಾಲು ಪೂರ್ತಿ ಉಕ್ಕಿ ಹೋತ?"

"ಸ್ವಲ್ಪ ಹೋತು." ಅವಳ ಪಕ್ಕ ಬಂದು ಕುಳಿತೆ. "ಇಲ್ ಕೇಳು, ಆನು ಒಂದು..."

"ಇನ್ನೊಂದ್ಸಲ ಹಾಕಿ." ಕೈ ಚಾಚಿ, ತಡವಿ, ನನ್ನ ಮಣಿಕಟ್ಟು ಹಿಡಿದಳು. "ದಿನಾ ನಿಲ್ಸ್ತ್ರಲ, ಅಲ್ಲೇ ನಿಲ್ಸಿ."

ಈಗಲೂ ದಿನಾ ಹಾಕುತ್ತೇನೆ. ಅಪ್ಪಯ್ಯನ ಗತ್ತಿನ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಮದ್ದಳೆಯ ಪೆಟ್ಟು ಬೀಳುವ ಮೊದಲೇ ನನ್ನ ಮಣಿಕಟ್ಟಿನ ಮೇಲೆ ಅವಳ ಹಿಡಿತ ಬಿಗಿಯಾಗುತ್ತದೆ.