ಅವರು ಬಂದಾಗಷ್ಟೇ ನುಂಗಿದ ಗುಳಿಗೆ

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಅಕ್ಕನನ್ನು ಅಪಾಯಕ್ಕೆ ತಳ್ಳಿದ್ದೂ ಆ ವಾದದ ಚಟವೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ವಿಜಾಪುರದಲ್ಲಿ ಕೋಣೆ ಹಿಡಿದು ಕಾಲೇಜು ಓದುತ್ತಿದ್ದೆ. ಅಕ್ಕನನ್ನು ಕಳ್ಳಕವಟಗಿಗೆ ಕೊಟ್ಟಿದ್ದರು. ಅವಳ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಎರಡನೆಯ ಹೆರಿಗೆಯಲ್ಲಿ ರಕ್ತ ಹರಿದು ಅಕ್ಕ ಬದುಕಿದ್ದೇ ಹೆಚ್ಚು. ಇನ್ನೊಂದು ಬಸಿರು ಜೀವಕ್ಕೇ ಬಂದೀತು ಎಂದ ಡಾಕ್ಟರ್ ಬಾಯಾರು, ಕೂಸು ಮೊಲೆ ಬಿಟ್ಟ ಮೇಲೆ ದಿನಕ್ಕೊಂದು ನುಂಗಲು ಬಸಿರು ತಡೆಯುವ ಗುಳಿಗೆಯ ಪಾಕೀಟು ಕೊಟ್ಟಿದ್ದರು.

"ಅವರು ಊರಾಗ ಇಲ್ಲದ ದಿನಾನೂ ಯಾಕ ನುಂಗಬೇಕು?" ಎಂದು ಅಕ್ಕ ತಂಗಿಯಾದ ನನ್ನನ್ನು ಕೇಳಿದ್ದಳು.

"ರೋಗ ಇಲ್ಲದ ದಿನ ಯಾರರೆ ಔಷಧ ತಗೋತಾರೇನು? ಅವರು ಬಂದಾಗಷ್ಟ ತಗೋ," ಎಂದೆ. ಎದುರು ಪಕ್ಷವೇ ಇರದ ವಾದ; ಗೆದ್ದೆ.

ಒಂದು ಮಂಗಳವಾರ ಅಕ್ಕ ಟಿಕೋಟಾದ ಬಸ್ಸಿಳಿದು ನೇರ ನನ್ನ ಕೋಣೆಗೆ ಬಂದಳು. ಗಂಡ ರವಿವಾರ ಬಂದು ಹೋಗಿದ್ದ. ಮರುದಿನ ಊರಿಗೆ ಬಂದ ನರ್ಸು, ಬಿಟ್ಟು ಬಿಟ್ಟು ನುಂಗಿದ ಗುಳಿಗೆ ನುಂಗದ್ದಕ್ಕೇ ಸಮ ಎಂದಿದ್ದಳಂತೆ.

"ಮುಟ್ಟು ಬರಲಿ ಅಂತ ನಿನ್ನೆಯಿಂದ ಎಳ್ಳು ಬೆಲ್ಲ ತಿನ್ನಾಕತ್ತೇನಿ," ಎಂದಳು.

"ಅದು ಬರೇ ಉಷ್ಣ ಅಕ್ಕಾ. ಔಷಧ ಅಲ್ಲ."

"ನಿನ್ನ ಮಾತರೆ ಔಷಧ ಆಗಿತ್ತೇನ ಬೇ?"

ನಾನು ಚಪ್ಪಲಿ ಮೆಟ್ಟಿ ಕೋಣೆಗೆ ಬೀಗ ಹಾಕಿದೆ. ಆಸ್ಪತ್ರೆಗೆ ಹೊರಟೆವು. ಸೊಲ್ಲಾಪುರ ರಸ್ತೆಯ ಬಿಸಿಲು ನೀರಿನಂತೆ ನಡುಗುತ್ತಿತ್ತು. ವೆಲ್ಡಿಂಗ್ ಅಂಗಡಿಯ ಕಿಡಿಗಳು ಸದ್ದಿಲ್ಲದೆ ಉದುರುತ್ತಿದ್ದವು. ದೂರದ ಗುಮ್ಮಟ ನೆಲ ಬಿಟ್ಟು ತೇಲುತ್ತಿರುವಂತೆ, ನಾವೇ ಯಾರದೋ ನಿದ್ದೆಯೊಳಗೆ ನಡೆಯುತ್ತಿರುವಂತೆ ಅನಿಸಿತು. ಅಕ್ಕನ ಅಂಗೈ ಮಾತ್ರ ನಿಜವಾಗಿತ್ತು, ತಣ್ಣಗೆ.

ಬಾಯಾರು ಎಲ್ಲ ಕೇಳಿದರು. "ಎಷ್ಟು ದಿನ ಆತು?"

"ಎರಡು, ಬಾಯಾರ."

"ಹಂಗಾರ ದಾರಿ ಐತಿ. ಐದು ದಿನದೊಳಗ ಕಾಪರ್-ಟಿ ಹಾಕಿದರ ಬಸಿರು ನಿಲ್ಲಾಂಗಿಲ್ಲ ಅಂತ ಈಗೀಗ ಗೊತ್ತಾಗೇತಿ. ಮುಂದೂ ಅದ ಕಾಯತೈತಿ. ನೂರಕ್ಕ ನೂರು ಅನ್ನಾಂಗಿಲ್ಲ; ಮುಟ್ಟು ತಡ ಆದರ ಬಂದು ತೋರಿಸಬೇಕು."

"ಈಗೀಗ ಅಂದ್ರ? ಅದಕ್ಕ ಆಧಾರ ಏನ್ರಿ?" ನಾನು ಬಾಯಿ ಹಾಕಿದೆ.

ಬಾಯಾರು ಕನ್ನಡಕ ಇಳಿಸಿ ನೋಡಿದರು. "ಗುಳಿಗಿ ಲೆಕ್ಕ ಹೇಳಿಕೊಟ್ಟಾಕಿ ನೀನ ಏನು?"

ಬಾಯಾರು ಅಕ್ಕನತ್ತ ತಿರುಗಿ, "ಮನ್ಯಾಗ ಕೇಳಿ ಬರ್ತೀ ಏನವಾ?" ಎಂದರು.

ಅತ್ತೆಯ ಮಾತು ದಾಟಿ ಅಕ್ಕ ಒಂದು ಕುಪ್ಪಸವನ್ನೂ ಹೊಲಿಸಿದವಳಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ರಕ್ತ ಹೋದಾಗ ಮನ್ಯಾಗಿನವರದು ಹೋಗಲಿಲ್ಲರಿ," ಎಂದಳು ಕೊನೆಗೆ. "ಹಾಕ್ರಿ."

ಪರದೆಯ ಆಚೆ ಹೋದಳು. ಬೆಂಚಿನ ಮೇಲೆ ಕೂತ ನಾನು ಆ ಎರಡು ವಾಕ್ಯಕ್ಕೆ ಪ್ರತಿವಾದ ಹುಡುಕುತ್ತ ಹುಡುಕುತ್ತ ಮಂಪರಿಗೆ ಜಾರಿದೆ. ಎಚ್ಚರಾದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು, ಸ್ವಲ್ಪ ನಗುತ್ತ, ಎದುರು ನಿಂತಿದ್ದಳು.

ನಂತರದ ಎರಡು ವಾರ ನನಗೆ ಪಾಠ ಕೇಳಿಸಿದ್ದು ನೆನಪಿಲ್ಲ. ಕಿಟಕಿಯಾಚೆ ಹತ್ತಿಯ ಎಳೆಗಳು ತೇಲುತ್ತಿದ್ದವು, ನಾನು ದಿನ ಎಣಿಸುತ್ತಿದ್ದೆ. ಹದಿನಾರನೆಯ ದಿನ ಯಾರೋ ಬಾಗಿಲು ಬಡಿದರು. ಅಕ್ಕ ನಿಂತಿದ್ದಳು; ಹಿಂದೆ ಕಂಕುಳಲ್ಲಿ ಕೂಸಿಟ್ಟುಕೊಂಡ ಅವಳ ಬಬಲೇಶ್ವರದ ನಾದಿನಿ.

"ಮುಟ್ಟು ಬಂತು," ಎಂದಳು ಅಕ್ಕ, ಹೊಸ್ತಿಲಲ್ಲೇ. ನಾನು ಬಾಗಿಲು ಪೂರ್ತಿ ತೆರೆದೆ. ಅಷ್ಟರಲ್ಲಿ ಅವಳು ನಾದಿನಿಯ ಕೂಸನ್ನು ನನ್ನ ತೋಳಿಗೆ ಹಾಕಿದಳು.

"ಈಕಿಗೂ ಬಸಿರಿನ ಅಂಜಿಕಿ, ಇವತ್ತಿಗೆ ಮೂರು ದಿನ; ಇನ್ನೂ ಐದರೊಳಗ ಐತಿ. ಬಾಯಾರ ಕಡೆ ಕರಕೊಂಡು ಹೊಂಟೇನಿ. ನೀ ಬರಬ್ಯಾಡ, ಇದನ್ನ ಹಿಡ್ಕೋ."