ಐಸಕ್ಕ ಬೈಯಲು ಕಲಿತದ್ದು

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನ್ ಎತ್ತುವ ಕೆಲಸ ಅವಳದು. ನಲ್ಲಿ ಒಣಗಿದ ಮನೆಯವರು, ಪೈಪು ಒಡೆದ ಬೀದಿಯವರು, ಮೈತುಂಬ ಸೋಪು ಹಚ್ಚಿಕೊಂಡಾಗಲೇ ನೀರು ನಿಂತುಹೋದವರು, ಎಲ್ಲರ ಸಿಟ್ಟೂ ಮೊದಲು ಬಂದು ಬೀಳುತ್ತಿದ್ದದ್ದು ಅವಳ ಕಿವಿಯ ಮೇಲೆ. ಯಾರು ಬಾಯಿಗೆ ಬಂದಂತೆ ಬೈದರೂ ಅವಳ ದನಿ ಒಂದೆಳೆಯೂ ಏರುತ್ತಿರಲಿಲ್ಲ. ಅದಕ್ಕೇ ಕಚೇರಿಯವರು ಅವಳಿಗೆ ಐಸಕ್ಕ ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆ.

ಒಂದು ಮಧ್ಯಾಹ್ನ ಬ್ರೆಡ್ಡು ತಿನ್ನುವಾಗ ದವಡೆ ಹಲ್ಲಿನ ಚೂರೊಂದು ಮುರಿದು ಕೈಗೆ ಬಂತು. ಮೆತ್ತನೆಯ ಬ್ರೆಡ್ಡಿಗೆ ಹಲ್ಲು ಮುರಿಯುವುದೆಂದರೇನು! ಹಲ್ಲಿನ ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ತುದಿಗಳೆಲ್ಲ ಅರದಿಂದ ಉಜ್ಜಿದಂತೆ ಸವೆದಿದ್ದವು. ನಿದ್ದೆಯಲ್ಲಿ ಕಡಿಯುತ್ತೀರಿ, ಟೆನ್ಶನ್ ಜಾಸ್ತಿಯೇ ಎಂದು ಕೇಳಿದರು. ಹಾಗೇನೂ ಇಲ್ಲ, ಆಫೀಸಿನಲ್ಲೆಲ್ಲ ನಾನೇ ತಣ್ಣಗಿರುವವಳು ಎಂದಳು.

"ಜನ ಬೈದಾಗ ಏನ್ ಮಾಡ್ತೀರ?"

"ಹಲ್ಲು ಕಚ್ಕೊಂಡು ಕೂತಿರ್ತೀನಿ" ಎಂದವಳಿಗೆ ತಾನು ಹೇಳಿದ್ದೇನೆಂದು ಹೊಳೆದು ನಗು ಬಂತು.

ಡಾಕ್ಟರಮ್ಮ ಹಲ್ಲು ಸರಿಮಾಡಿ, ಬೇಸರವಾದಾಗ ನೀವು ಏನೇನು ಮಾಡುತ್ತೀರೆಂದು ಮನೆಯವರನ್ನೇ ಕೇಳಿ ನೋಡಿ ಎಂದು ಹೇಳಿ ಕಳಿಸಿದರು.

ಕೇಳಿದಳು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ ಮೊದಲು ಜಾರಿಕೊಳ್ಳಲು ನೋಡಿದ. ಅತ್ತೆಗೆ ಅಂಥ ಸಂಕೋಚವಿರಲಿಲ್ಲ. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಹಾಕಿಕೊಂಡು ತಿಕ್ಕುವುದು, ಬಾಗಿಲ ಮರೆಯಲ್ಲಿ ನಿಂತು ಸಕ್ಕರೆ ಮುಕ್ಕುವುದು, ಏನಾಯಿತೆಂದರೆ ಏನಿಲ್ಲ ಎನ್ನುವುದು, ಎಲ್ಲವನ್ನೂ ಬಿಡದೆ ಹೇಳಿದರು. ಆ 'ಏನಿಲ್ಲ' ಕೇಳಿದರೆ ತನಗೆ ಅಂಗಡಿಗೇ ವಾಪಸ್ ಹೋಗೋಣ ಅನ್ನಿಸುತ್ತದೆಂದು ಗಂಡನೂ ಮೆಲ್ಲಗೆ ದನಿಗೂಡಿಸಿದ.

ಐಸಕ್ಕನ ಮುಖ ಸಪ್ಪಗಾಯಿತು. ಅದನ್ನು ನೋಡಿ ಅತ್ತೆ ಸೌಟನ್ನು ಫೋನಿನಂತೆ ಕಿವಿಗೆ ಹಿಡಿದರು.

"ಇವತ್ತು ಯಾರು ಬೈದ್ರು ಹೇಳು. ಅವರೇ ನಾನು ಅನ್ಕೋ. ಅಲ್ಲಿ ಹೇಳಕ್ಕಾಗದೆ ಇದ್ದದ್ದೆಲ್ಲ ಇಲ್ಲಿ ಹೇಳು."

ಮೊದಲ ದಿನ ಅವಳ ಬಾಯಲ್ಲಿ ಬಂದದ್ದು "ಆಯ್ತು ಮೇಡಮ್, ಕಳಿಸ್ಕೊಡ್ತೀವಿ" ಮಾತ್ರ. ಬೈಯೋದಕ್ಕೂ ನಾನೇ ಹೇಳಿಕೊಡಬೇಕಾ ಎಂದು ಅತ್ತೆ ಗದರಿದರು. ದಿನ ಕಳೆದಂತೆ ನಾಲಿಗೆ ಸಡಿಲವಾಯಿತು. ಅತ್ತೆ ಅರಚುವುದು, ಸೊಸೆ ಜಾಡಿಸುವುದು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು. ಪಕ್ಕದ ಮನೆಯವರು ಒಮ್ಮೆ ಗಾಬರಿಯಿಂದ ಬಾಗಿಲು ತಟ್ಟಿದ್ದೂ ಉಂಟು.

ಒಂದು ಸಂಜೆ ಅತ್ತೆ ಸಿಡುಕು ಮುದುಕನಾಗಿ, ನಮ್ಮನೇಲಿ ನೀರು ಸಣ್ಣಗೆ ಬರುತ್ತಿದೆ ಎಂದು ಗುಡುಗಿದರು.

"ಸಣ್ಣಗೆ ಬರದೆ ಇನ್ನೇನು? ಬೆಳಿಗ್ಗೆ ಬಚ್ಚಲಿಗೆ ಹೋದ್ರೆ ನೀವು ಹೊರಗೆ ಬರೋದೇ ಇಲ್ಲ. ನನಗೆ ದಿನಾ ಬಸ್ಸು ತಪ್ಪುತ್ತೆ."

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಗಂಡ ಪೇಪರಿನ ಹಿಂದೆ ಅಡಗಿದ. ಅತ್ತೆ ಮಾತ್ರ ಸೌಟು ಇಳಿಸಲಿಲ್ಲ.

"ದೂರು ಸರಿಯಾಗಿದೆ. ನಾಳೆಯಿಂದ ನಿನ್ನ ಸ್ನಾನ ಮೊದಲು. ನಂದೂ ಒಂದು ದೂರಿದೆ, ಕೇಳು. ದಿನವೆಲ್ಲ ಊರವರ ಹತ್ರ ಮಾತಾಡ್ತೀಯ. ಇಷ್ಟು ವರ್ಷ ನನ್ನ ಹತ್ರ ಕೂತು ಎರಡು ಮಾತಾಡಿರ್ಲಿಲ್ಲ."

ಐಸಕ್ಕ ಅತ್ತೆಯ ಪಕ್ಕ ಹೋಗಿ ಕೂತಳು. ಆ ಸಂಜೆ ಇಬ್ಬರೂ ಯಾರ ವೇಷವೂ ಇಲ್ಲದೆ, ಅಡುಗೆಯ ನೆನಪೂ ಇಲ್ಲದೆ ಮಾತಾಡಿದರು. ಒಲೆ ಹಚ್ಚಿದ್ದು ಗಂಡ.

ಕಚೇರಿಯಲ್ಲಿ ಅವಳ ದನಿ ಈಗಲೂ ಏರುವುದಿಲ್ಲ. ಯಾರಾದರೂ ಹೊಸ ಬೈಗುಳ ಬೈದರೆ, ಅತ್ತೆಗೆ ಹೇಳಬೇಕೆಂದು ನೆನಪಿಟ್ಟುಕೊಳ್ಳುತ್ತಾಳೆ. ವಿಷಯ ತಿಳಿದ ಪಕ್ಕದ ಮೇಜಿನವನು, ತನಗೂ ಸಾಹೇಬರಿಗೆ ಹೇಳುವುದು ಬಹಳ ಉಳಿದಿದೆ, ಭಾನುವಾರ ನಿಮ್ಮ ಮನೆಗೆ ಬರಲೇ ಎಂದು ಕೇಳಿದ. ಅತ್ತೆ ಸಂತೋಷದಿಂದ ಒಪ್ಪಿದರು. ಸಾಹೇಬರಿಗೆ ಮೀಸೆ ಇದೆಯೋ ಇಲ್ಲವೋ ಎಂದಷ್ಟೇ ವಿಚಾರಿಸಿದರು.